ಗೀಟಿನ ಮೀನು: ಎರಡೆರಡರ ನಡಿಗೆ

“ಇನ್ನೊಂದ್ಸಲ ಹಾಕ್ರಿ,” ಎಂದರು ಇನ್‌ಸ್ಪೆಕ್ಟರಮ್ಮ.

ಪರದೆ ಎಳೆದು ಕತ್ತಲು ಮಾಡಿದ ಕೋಣೆಯಲ್ಲಿ ಆರನೆಯ ಸಲ ಕಾವಲು ಕ್ಯಾಮೆರಾದ ಅದೇ ದೃಶ್ಯ ಬಂತು. ಅನಿಮೇಷನ್ ಸ್ಟುಡಿಯೊದ ಮೇಲ್ಮಹಡಿಯ ಉದ್ದನೆಯ ಕಾರಿಡಾರು. ಚಾವಣಿಯಲ್ಲಿ ತಿರುಗುವ ಫ್ಯಾನು. ಗೋಡೆಯ ಮೇಲೆ ಗಾಜು ಹಾಕಿದ ದೊಡ್ಡದೊಂದು ಚಿತ್ರ. ಮೂಲೆಯಲ್ಲಿ ಸಮಯ: ಸಂಜೆ ನಾಲ್ಕು ಗಂಟೆ ಏಳು ನಿಮಿಷ. ಬೂದು ಬಣ್ಣದ ಕೆಲಸದ ಕೋಟು ತೊಟ್ಟ ಹುಡುಗಿಯೊಬ್ಬಳು ತುದಿಗಾಲಿನಲ್ಲಿ, ಎರಡೂ ಕೈ ಮುಂದೆ ಚಾಚಿಕೊಂಡು, ಮೆಟ್ಟಿಲ ಕಡೆಗೆ ನಡೆದು ಮರೆಯಾದಳು.

ಆ ಹುಡುಗಿ ಗೀಟು. ಯಾರು ನೋಡಿದರೂ ಗೀಟುವೇ.

ನಿಜವಾದ ಗೀಟು ಗೋಡೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತು ತನ್ನನ್ನೇ ನೋಡುತ್ತಿದ್ದಳು.

“ಕೈ ನೋಡಮ್ಮ, ಕೈ! ತಳ್ಳೋಕೆ ಮೊದಲೇ ಸಿದ್ಧ ಮಾಡ್ಕೊಂಡು ಹೊರಟಿರೋ ಕೈ. ಒಂದು ನಿಮಿಷ ಮುಂಚೆ ನಿಮ್ಮ ಮಾವ ಅದೇ ಮೆಟ್ಟಿಲ ಕಡೆ ಹೋಗಿದ್ರು.”

“ನಾನು ಅಲ್ಲಿರಲಿಲ್ಲ.”

“ಮತ್ತೆ ಇವಳ್ಯಾರು? ನಿನ್ನ ಜೊತೆ ಹುಟ್ಟಿದ ಅವಳಿಯಾ?”

ಕೀಲಿಮಣೆಯ ಮುಂದೆ ಕೂತಿದ್ದ ಮಾವನ ಭಾಮೈದ ಕಿಸಕ್ಕನೆ ನಕ್ಕ.

ಮೂರು ದಿನದ ಹಿಂದೆ ಚಿತ್ರದ ಮೇಷ್ಟ್ರು ಆ ಮೆಟ್ಟಿಲಿನಿಂದ ಉರುಳಿ ಬಿದ್ದು ತಲೆ ಒಡೆದುಕೊಂಡಿದ್ದರು. ಅಂದಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಬೆನ್ನ ನಡುವೆ ನಾಣ್ಯದಷ್ಟು ದುಂಡಗಿನ ಕಂದು ಗುರುತು ಇದ್ದುದರಿಂದ, ಹಿಂದಿನಿಂದ ಯಾರೋ ನೂಕಿದ್ದಾರೆ ಎಂದು ವೈದ್ಯರು ಬರೆದುಕೊಟ್ಟಿದ್ದರು.

ಮೇಷ್ಟ್ರು ಗೀಟುವಿನ ತಾಯಿಯ ಅಣ್ಣ. ಎಂಟನೇ ತರಗತಿಗೆ ಶಾಲೆ ಬಿಟ್ಟು ಮನೆಮೂಲೆ ಸೇರಿದ್ದ ಹುಡುಗಿಯ ಕೈಗೆ ಪೆನ್ಸಿಲು ಕೊಟ್ಟವರು ಅವರೇ. ಒಂದು ನಡಿಗೆಯ ಮೊದಲ ಚಿತ್ರ, ಕೊನೆಯ ಚಿತ್ರ ಮಾವ ಬರೆಯುತ್ತಿದ್ದರು. ನಡುವೆ ಬರಬೇಕಾದ ಚಿತ್ರಗಳೆಲ್ಲ ಗೀಟುವಿನವು. ಆರು ವರ್ಷದಿಂದ ಅವಳ ಹೊಟ್ಟೆಪಾಡು ಆ ನಡುವಿನದು.

ಸ್ಟುಡಿಯೊದಲ್ಲಿ ಎರಡೇ ಜಾತಿ. ಮೇಲೆ ದೀಪದ ಮೇಜಿಗೆ ಬಗ್ಗಿ ಕಾಗದದ ಮೇಲೆ ಬರೆಯುವವರು. ಅವರನ್ನು ಮೇಲ್ಮನೆ ಎನ್ನುತ್ತಿದ್ದರು. ಕೆಳಗೆ ಕಂಪ್ಯೂಟರಿನಲ್ಲಿ ನೀರು, ಹೊಗೆ, ಬೆಂಕಿ ಹುಟ್ಟಿಸುವವರು, ಅವರು ಕೆಳಮನೆ. ಎರಡೂ ಮನೆಯವರು ಒಂದು ಜಾಹೀರಾತಿಗೆ ಒಟ್ಟಿಗೆ ದುಡಿಯುತ್ತಿದ್ದರು, ಒಂದು ಮೇಜಿನಲ್ಲಿ ಕೂತು ಉಣ್ಣುತ್ತಿರಲಿಲ್ಲ.

ಕೆಳಮನೆಗೆ ಯಜಮಾನನಂತಿದ್ದವನು ಮೇಷ್ಟ್ರ ಹೆಂಡತಿಯ ತಮ್ಮ. ಹಾಗಾಗಿ ಇಡೀ ಸ್ಟುಡಿಯೊಗೆ ಅವನು ಭಾಮೈದನೇ. ಅವನಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಅದಕ್ಕೇ ಎಲ್ಲರೂ ಹಾಗೇ ಕರೆಯುತ್ತಿದ್ದರು.

“ಮೇಡಂ, ಹನ್ನೊಂದೂವರೆ ಆಯ್ತು,” ಎಂದರು ಸ್ಟುಡಿಯೊ ಮಾಲೀಕರು, ಬಾಗಿಲ ಬಳಿ ನಿಂತೇ. “ಇವಳನ್ನ ಕರ್ಕೊಂಡು ಹೋಗೋದಾದ್ರೆ ಬೇಗ ಕರ್ಕೊಂಡ್ಹೋಗಿ. ನಾಳೆ ಮೀನಿನ ಜಾಹೀರಾತು ಕೊಡ್ಬೇಕು. ಒಬ್ಬರು ಆಸ್ಪತ್ರೇಲಿ, ಒಬ್ಬಳು ಜೈಲಲ್ಲಿ ಅಂದ್ರೆ ಮೀನನ್ನ ನಾನು ಬರೀಲಾ?”

“ಮೀನನ್ನ ನಾನು ಮಾಡ್ಕೊಡ್ತೀನಿ, ಬಿಡಿ,” ಎಂದ ಭಾಮೈದ. “ಕಂಪ್ಯೂಟರಲ್ಲಿ ಅರ್ಧ ದಿನದ ಕೆಲಸ. ಭಾವ ಹಟ ಹಿಡಿದು ಕೂತಿದ್ರು, ಮೀನು ಕಾಗದದಲ್ಲೇ ಹುಟ್ಬೇಕು ಅಂತ. ಈಗ ಹಟ ಹಿಡಿಯೋರು ಯಾರೂ ಇಲ್ವಲ್ಲ.”

ಅವನು ಸತ್ತವರ ಬಗ್ಗೆ ಮಾತಾಡುವ ಹಾಗೆ ಮಾತಾಡಿದ.

ಬೆಳಿಗ್ಗೆ ಆಸ್ಪತ್ರೆಯಲ್ಲೂ ಗೀಟು ಇಂಥದೇ ಮಾತು ಕೇಳಿ ಬಂದಿದ್ದಳು. ಮೇಷ್ಟ್ರ ಹೆಂಡತಿ, ಅವಳ ಅತ್ತೆ, ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಮಳೆಗೂ ಬಿಸಿಲಿಗೂ ಕಂಕುಳಿನಿಂದ ಇಳಿಯದ ಆ ಕಪ್ಪು ಕೊಡೆಯನ್ನು ಬಾಗಿಲಿಗೆ ಅಡ್ಡ ಹಿಡಿದು, “ಒಳಗೆ ಕಾಲಿಟ್ಟರೆ ನೋಡು! ಮಗಳ ಹಾಗೆ ಸಾಕಿದ್ದಕ್ಕೆ ಸರಿಯಾಗಿ ತೀರಿಸಿದೆ,” ಎಂದಿದ್ದಳು. ಕೊಡೆಯ ಮೇಲಿಂದ ಮಾವನ ಕಾಲು ಮಾತ್ರ ಕಂಡಿತ್ತು, ಬಿಳಿ ಹೊದಿಕೆಯ ಕೆಳಗೆ.

ಇನ್‌ಸ್ಪೆಕ್ಟರಮ್ಮ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಚೀಲದಿಂದ ಕಾಗದದ ಕಟ್ಟು ಹೊರತೆಗೆದರು. ಐವತ್ತು ದಾಟಿದ ಹೆಂಗಸು, ಮಂಡಿನೋವು, ಬಾಯಲ್ಲಿ ಸದಾ ಒಂದು ಲವಂಗ. ಯಾರ ಮಾತನ್ನೂ ನಂಬದ ಮುಖ.

“ಇವು ನಿನ್ನವೇ ತಾನೆ? ನಲವತ್ತು ಚಿತ್ರ. ಒಂದೊಂದರ ಮೇಲೂ ಕೆಂಪು ಪೆನ್ಸಿಲಲ್ಲಿ ಅಡ್ಡ ಗೀಟು. ಅವತ್ತು ಬೆಳಿಗ್ಗೆ ನಿಮ್ಮ ಮಾವ ಎಲ್ಲರ ಮುಂದೆ ಬೈದ್ರಂತೆ.”

“ಬೈದ್ರು.”

“ಏನಂತ?”

ಗೀಟು ಹಾಳೆಗಳ ಕೆಂಪು ಗೀಟುಗಳ ಕಡೆ ನೋಡಿದಳು.

“ನಾನು ಹೇಳ್ತೀನಿ ಮೇಡಂ,” ಎಂದ ಭಾಮೈದ. “‘ಹೆಣ ಬರ್ಕೊಂಡು ಬಂದಿದೀಯ’ ಅಂದ್ರು. ಅರಗಿಸ್ಕೊಳ್ಳೋಕೆ ಆಗ್ಲಿಲ್ಲ ಇವಳಿಗೆ. ಬಾಯಿ ಬಿಡದೇ ಇರೋರನ್ನ ನಂಬಬಾರದು. ಒಳಗೊಳಗೇ ಕುದೀತಿರ್ತಾರೆ.”

“ನಾಲ್ಕು ಗಂಟೆಗೆ ಎಲ್ಲಿದ್ದೆ?”

“ನೆಲಮಾಳಿಗೇಲಿ. ಕಾಗದ ತರೋಕೆ.”

“ನೋಡಿದೋರು?”

“ಯಾರೂ ಇಲ್ಲ. ಎಲ್ಲರೂ ಕೆಳಗೆ ಗಿರಾಕಿಗಳಿಗೆ ಸಿನಿಮಾ ತೋರಿಸ್ತಿದ್ರು.”

“ಸರಿ, ಏಳು. ಜೀಪು ಕೆಳಗಿದೆ.”

ಗೀಟು ಎದ್ದಳು. ಹೋದರೆ ಮಾವನನ್ನು ಮತ್ತೆ ನೋಡುವುದಿಲ್ಲ. ಅವರು ಕಣ್ಣು ಬಿಟ್ಟರೂ, ಬಿಡದೆ ಹೋದರೂ, ಅವರನ್ನು ತಳ್ಳಿದವಳು ಗೀಟು ಎಂದೇ ಜಗತ್ತು ಹೇಳುತ್ತದೆ.

ಪರದೆಯಲ್ಲಿ ದೃಶ್ಯ ತಾನಾಗಿ ಮೊದಲಿನಿಂದ ಶುರುವಾಗಿತ್ತು. ಏಳನೆಯ ಸಲ. ಆ ಹುಡುಗಿ ಮತ್ತೆ ನಡೆದಳು.

ಆರು ಸಲವೂ ಗೀಟು ಮುಖವನ್ನೇ ನೋಡಿದ್ದಳು. ಈಗ ಹೆದರಿಕೆಗೆ ಮುಖ ನೋಡಲಾಗದೆ ಕಾಲು ನೋಡಿದಳು. ನೋಡುತ್ತಲೇ, ರೂಢಿಯಂತೆ, ಅವಳ ಹೆಬ್ಬೆರಳಿನ ಉಗುರು ಉಳಿದ ಬೆರಳುಗಳ ಮೇಲೆ ಎಣಿಸತೊಡಗಿತು.

ಎಣಿಕೆ ತಪ್ಪಿತು.

ನಡುವಿನ ಚಿತ್ರ ಕಾಣೆಯಾದರೆ ಊಟದಲ್ಲಿ ಕಲ್ಲು ಸಿಕ್ಕ ಹಾಗೆ ಗೊತ್ತಾಗುತ್ತಿತ್ತು ಅವಳಿಗೆ.

“ಒಂದು ನಿಮಿಷ,” ಎಂದಳು.

“ಈಗ ಬಾಯಿ ಬಂತಾ?” ಎಂದರು ಇನ್‌ಸ್ಪೆಕ್ಟರಮ್ಮ.

“ಒಂದೊಂದೇ ಚಿತ್ರ ಸರಿಸಿ ನೋಡ್ಬೇಕು.”

“ಮೇಡಂ, ಟೈಮು ಹಾಳು ಮಾಡ್ತಿದಾಳೆ,” ಎಂದ ಭಾಮೈದ. “ಅದೆಲ್ಲ ಆಗಲ್ಲ. ಭಾರದ ಫೈಲು, ಮಿಷನ್ನು ನಿಂತುಬಿಡುತ್ತೆ.”

“ಬಾಣದ ಗುರುತಿರೋ ಗುಂಡಿ ಒತ್ತಿದ್ರೆ ಆಗುತ್ತೆ,” ಎಂದಳು ಗೀಟು. ದನಿ ಎಷ್ಟು ಸಣ್ಣಗಿತ್ತೆಂದರೆ ಮಾಲೀಕರು ಕಿವಿ ಮುಂದೆ ತಂದರು. “ಅವರು ಒತ್ತೋದು ಬೇಡ. ನೀವೇ ಒತ್ತಿ.”

ಇನ್‌ಸ್ಪೆಕ್ಟರಮ್ಮ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. ಆಮೇಲೆ ಭಾಮೈದನ ಕುರ್ಚಿಯನ್ನು ಕಾಲಿನಿಂದಲೇ ಪಕ್ಕಕ್ಕೆ ದೂಡಿ ಕೀಲಿಮಣೆಯ ಮುಂದೆ ನಿಂತರು.

“ಫ್ಯಾನಿನ ಒಂದು ರೆಕ್ಕೆಗೆ ಹಳದಿ ಪಟ್ಟಿ ಅಂಟಿಸಿದಾರೆ ನೋಡಿ,” ಎಂದಳು ಗೀಟು. “ಪಟ್ಟಿ ಎಲ್ಲಿದೆ?”

“ಮೇಲುಗಡೆ.”

“ನಾನು?”

“ಎಡಗಾಲು ಎತ್ತಿದೀಯ.”

“ಒತ್ತಿ. ಪಟ್ಟಿ ಎಲ್ಲಿದೆ?”

“ಬಲಕ್ಕೆ ಬಂತು.”

“ನಾನು?”

ಇನ್‌ಸ್ಪೆಕ್ಟರಮ್ಮ ಪರದೆಗೆ ಮುಖ ಹತ್ತಿರ ತಂದರು. “ಹಾಗೇ ಇದೀಯ. ಕೂದಲೆಳೆಯಷ್ಟೂ ಅಲ್ಲಾಡಿಲ್ಲ.”

“ಒತ್ತಿ.”

“ಪಟ್ಟಿ ಕೆಳಗೆ. ನೀನು ಕಾಲು ಇಳಿಸಿದೀಯ.”

“ಇನ್ನೊಂದು.”

“ಪಟ್ಟಿ ಎಡಕ್ಕೆ. ನೀನು… ಮತ್ತೆ ಹಾಗೇ.”

ಹತ್ತು ಸಲ ಒತ್ತಿದರು. ಹತ್ತು ಸಲವೂ ಪಟ್ಟಿ ಜಾಗ ಬದಲಿಸಿತು. ಹುಡುಗಿ ಮಾತ್ರ ಒಂದು ಬಿಟ್ಟು ಒಂದಕ್ಕೆ ಅಲ್ಲಾಡಿದಳು.

“ಕ್ಯಾಮೆರಾ ಕೆಲವು ಸಲ ಚಿತ್ರ ನುಂಗುತ್ತೆ,” ಎಂದ ಭಾಮೈದ. “ಹಳೇ ಕ್ಯಾಮೆರಾ.”

“ನುಂಗಿದ್ರೆ ಫ್ಯಾನನ್ನೂ ನುಂಗಬೇಕಿತ್ತು,” ಎಂದಳು ಗೀಟು. “ಒಂದು ನಿಮಿಷ ಹಿಂದೆ ಹೋಗಿ ಮೇಡಂ. ಮಾವ ಬರ್ತಾರೆ. ಅವರನ್ನ ನೋಡಿ.”

ಮೇಷ್ಟ್ರು ಬೆನ್ನು ಬಾಗಿಸಿಕೊಂಡು ಕಾರಿಡಾರಿನಲ್ಲಿ ನಡೆದರು. ಒತ್ತಿದಷ್ಟು ಸಲವೂ ಅವರ ಕಾಲು ಸರಿಯಿತು, ಪಟ್ಟಿಯೂ ಸರಿಯಿತು.

ಮಾಲೀಕರು ಒಳಗೆ ಬಂದು ಬಾಗಿಲು ಮುಚ್ಚಿದರು. ಅವರಿಗೆ ಅರ್ಥವಾಗಿತ್ತು. ಈ ಕಟ್ಟಡದಲ್ಲಿ ಕೆಲಸ ಮಾಡಿದ ಯಾರಿಗಾದರೂ ಅರ್ಥವಾಗುತ್ತಿತ್ತು.

“ನನಗೆ ಹೇಳ್ರಿ ಯಾರಾದ್ರೂ,” ಎಂದರು ಇನ್‌ಸ್ಪೆಕ್ಟರಮ್ಮ.

“ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಓಡುತ್ತೆ ಮೇಡಂ,” ಎಂದರು ಮಾಲೀಕರು. “ಕಂಪ್ಯೂಟರಿನ ನೀರು ಇಪ್ಪತ್ನಾಲ್ಕಕ್ಕೂ ಅಲ್ಲಾಡುತ್ತೆ. ಕೈಯಲ್ಲಿ ಅಷ್ಟು ಬರೆಯೋಕೆ ಆಗುತ್ತಾ? ಹನ್ನೆರಡೇ ಬರೀತಾರೆ, ಒಂದೊಂದನ್ನ ಎರಡೆರಡು ಸಲ ತೋರಿಸ್ತೀವಿ. ಬರೆಯೋಕೆ ಮುಂಚೆ ಯಾರಾದ್ರೂ ನಡೆದು ತೋರಿಸಿದ್ದನ್ನ ಚಿತ್ರೀಕರಿಸ್ತೀವಿ, ನೋಡ್ಕೊಂಡು ಬರೆಯೋಕೆ. ಅದನ್ನೂ ಕೆಳಗಡೆಯವರು ಮೊದಲೇ ಎರಡೆರಡು ಮಾಡಿಟ್ಟು ಮೇಲೆ ಕಳಿಸ್ತಾರೆ. ಪೂರ್ತಿ ಪ್ರತಿ ಅಳಿಸಿಬಿಡ್ತಾರೆ, ಜಾಗ ಸಾಲಲ್ಲ.”

“ಹೋದ ತಿಂಗಳು ನಾನೇ ನಡೆದು ತೋರಿಸಿದ್ದೆ,” ಎಂದಳು ಗೀಟು. “ಇದೇ ಕಾರಿಡಾರಲ್ಲಿ, ಇದೇ ಕ್ಯಾಮೆರಾ ಮುಂದೆ. ಜಾಹೀರಾತಿನ ಹುಡುಗಿ ಮೀನಿನ ಬೋಗುಣಿ ಎತ್ಕೊಂಡು ತುದಿಗಾಲಲ್ಲಿ ಹೋಗ್ತಾಳೆ. ನೀರು ಚೆಲ್ಲಬಾರದು ಅಂತ. ಅದು ತಳ್ಳೋಕೆ ಹೊರಟ ಕೈಯಲ್ಲ ಮೇಡಂ. ಬೋಗುಣಿ ಹಿಡಿದಿರೋ ಕೈ. ಬೋಗುಣಿ ಅಳಿಸಿದಾರೆ.”

“ಕಥೆ ಚೆನ್ನಾಗಿ ಕಟ್ತಾಳೆ!” ಭಾಮೈದ ಚಪ್ಪಾಳೆ ತಟ್ಟಿದ. “ಎಂಟನೇ ಕ್ಲಾಸು ಬಿಟ್ಟವಳು ನನಗೆ ಕಂಪ್ಯೂಟರ್ ಪಾಠ ಹೇಳ್ತಾಳೆ. ಎಲ್ಲಿದೆ ಬೋಗುಣಿ? ತೋರಿಸು. ಆ ಫೈಲು ಎಲ್ಲಿದೆ? ಇದ್ರೆ ತೋರಿಸು.”

ಫೈಲು ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೀಟುವಿಗೂ ಗೊತ್ತಿತ್ತು.

ಅವಳು ಮೇಜಿನ ಮೇಲಿನ ಕೆಂಪು ಗೀಟಿನ ಕಟ್ಟಿಗೆ ಕೈ ಹಾಕಿದಳು. ಇನ್‌ಸ್ಪೆಕ್ಟರಮ್ಮ ತಡೆಯಲಿಲ್ಲ.

ಈ ಚಿತ್ರಗಳನ್ನು ಮಾವ ಯಾಕೆ ಹೊಡೆದುಹಾಕಿದರು ಎಂದು ಹೇಳಲು ಅವಳಿಗೆ ನಾಚಿಕೆ. ಬೈಸಿಕೊಳ್ಳುವ ಹಿಂದಿನ ದಿನ ಅವಳು ಮೈಗಳ್ಳತನ ಮಾಡಿದ್ದಳು. ನಡಿಗೆಯನ್ನು ನೋಡಿ, ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುವ ಬದಲು, ಪರದೆಯ ಮೇಲೆ ಕಾಗದ ಇಟ್ಟು ಚಿತ್ರಕ್ಕೆ ಚಿತ್ರ ಗೀಚಿಬಿಟ್ಟಿದ್ದಳು. ಮಾವ ಮೊದಲ ಹಾಳೆ ನೋಡಿಯೇ ಕಂಡುಹಿಡಿದಿದ್ದರು. “ನಕಲು ಮಾಡಿದ್ದೀಯ. ಇದು ನಡೆಯೋ ಹುಡುಗಿ ಅಲ್ಲ, ಹೆಣ!”

“ಹದಿನೇಳನೇ ಚಿತ್ರ,” ಎಂದಳು. “ಮೂವತ್ತಮೂರು, ಮೂವತ್ನಾಲ್ಕನೇ ಒತ್ತಿಗೆ ನಿಲ್ಲಿಸಿ. ಸ್ವಲ್ಪ ದೊಡ್ಡದು ಮಾಡಿ. ಇನ್ನೂ ಸ್ವಲ್ಪ. ಸಾಕು.”

ತೆಳು ಹಾಳೆಯನ್ನು ಪರದೆಯ ಗಾಜಿಗೆ ಒತ್ತಿ ಹಿಡಿದಳು.

ಹಿಂದಿನಿಂದ ಬೆಳಕು ಬಂತು. ಪೆನ್ಸಿಲಿನ ಭುಜ ಪರದೆಯ ಭುಜದ ಮೇಲೆ ಕೂತಿತು. ಮೊಣಕೈಯ ಮೇಲೆ ಮೊಣಕೈ, ಹಿಮ್ಮಡಿಯ ಮೇಲೆ ಹಿಮ್ಮಡಿ. ಕೋಟಿನ ಮಡಿಕೆ ಕೂಡ ಒಂದೇ. ಚಾಚಿದ ಎರಡು ಕೈಗಳ ನಡುವೆ, ಪರದೆಯಲ್ಲಿ ಬರೀ ಗಾಳಿ ಇದ್ದ ಕಡೆ, ಕಾಗದದ ಮೇಲೆ ದುಂಡಗೆ ಒಂದು ಬೋಗುಣಿ ಇತ್ತು. ಒಳಗೆ ಪುಟ್ಟ ಮೀನು. ಅದರ ಮೇಲೆ ಮಾವನ ಕೆಂಪು ಗೀಟು.

“ಹಾಳೆ ಮೇಲೆ ತಾರೀಖಿದೆ,” ಎಂದಳು ಗೀಟು. “ಮಾವ ಬಿದ್ದದ್ದು ಸಂಜೆ. ಇದನ್ನ ನಾನು ಹಿಂದಿನ ದಿನ ಬರೆದೆ.”

ಇನ್‌ಸ್ಪೆಕ್ಟರಮ್ಮ ಇನ್ನೂ ನಾಲ್ಕು ಹಾಳೆ ಒತ್ತಿ ನೋಡಿದರು. ನಾಲ್ಕೂ ಕೂತವು. ಆಮೇಲೆ ನಿಧಾನವಾಗಿ ತಿರುಗಿದರು.

“ಏನಪ್ಪಾ ಭಾಮೈದ?”

ಅವನು ಸಿಡಿದ. “ಹಾಗೆ ಕರೀಬೇಡಿ!”

“ಈ ದೃಶ್ಯ ತೆಗೆದುಕೊಟ್ಟವನು ನೀನು, ಅಂಟಿಸಿದವನೂ ನೀನು. ಅಷ್ಟು ಬುದ್ಧಿವಂತ, ಇಷ್ಟು ಚಿಕ್ಕದು ಕಾಣಿಸ್ಲಿಲ್ವ?”

ಅವನಿಗೆ ಕಂಡಿರಲಾರದು ಎಂದು ಗೀಟುವಿಗೆ ಅರ್ಥವಾಯಿತು. ಹತ್ತು ವರ್ಷದಿಂದ ಎರಡೆರಡು ಸಲ ನಿಲ್ಲುವ ಕೈಚಿತ್ರಗಳನ್ನು ಒಂದೊಂದಕ್ಕೂ ಅಲ್ಲಾಡುವ ನೀರಿನೊಳಗೆ ಬೆರೆಸುವುದೇ ಅವನ ಕಸುಬು. ಆ ಎರಡು ನಡಿಗೆ ಅಕ್ಕಪಕ್ಕ ಇದ್ದರೆ ಅವನ ಕಣ್ಣಿಗೆ ಅದು ತಪ್ಪಲ್ಲ, ಮುಗಿದ ಕೆಲಸ.

“ಒಂದು ಮಾತು ಹೇಳು,” ಎಂದರು ಇನ್‌ಸ್ಪೆಕ್ಟರಮ್ಮ. “ಖಾಲಿ ಕಾರಿಡಾರು ತೋರಿಸಿದ್ರೆ ಸಾಕಿತ್ತಲ್ಲ? ಈ ಪಾಪದವಳನ್ನ ಯಾಕೆ ಅಂಟಿಸ್ದೆ?” ಅವನು ಉತ್ತರ ಕೊಡುವ ಮೊದಲೇ ತಾವೇ ತಲೆಯಾಡಿಸಿದರು. “ಖಾಲಿ ಇದ್ರೆ ನಾವು ಹುಡುಕ್ತಾನೇ ಇರ್ತಿದ್ವಿ. ಒಬ್ಬಳು ಸಿಕ್ಕಿದ್ರೆ ನಿಲ್ಲಿಸ್ತೀವಿ. ಅಂದ್ರೆ ಇವಳ ಕೆಳಗೆ ಇನ್ಯಾರೋ ಇದಾರೆ. ಯಾರನ್ನ ಮುಚ್ಚಿದೀಯ? ನಿನ್ನನ್ನೇನಾ?”

“ನಾನು ಗಿರಾಕಿಗಳ ಜೊತೆ ಇದ್ದೆ. ಹತ್ತು ಜನ ನೋಡಿದಾರೆ. ಕೇಳ್ಕೊಳ್ಳಿ.”

“ನಿಜ ಮೇಡಂ,” ಎಂದರು ಮಾಲೀಕರು, ಬೇಸರದಿಂದಲೇ. “ನನ್ನ ಪಕ್ಕದಲ್ಲೇ ಇದ್ದ.”

ಗೀಟು ಆ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಕಾರಿಡಾರಿನ ಗೋಡೆಯ ಮೇಲಿತ್ತು. ಗಾಜು ಹಾಕಿದ ದೊಡ್ಡ ಚಿತ್ರ. ಹುಡುಗಿ ಅದರ ಮುಂದೆ ಹಾದು ಹೋಗುವಾಗ ಗಾಜಿನಲ್ಲಿ ಮಸುಕಾಗಿ ಏನೋ ಹಾದುಹೋಗುತ್ತಿತ್ತು.

“ಗಾಜನ್ನ ದೊಡ್ಡದು ಮಾಡಿ,” ಎಂದಳು.

ಭಾಮೈದ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಉರುಳಿತು.

“ಕೂತ್ಕೊ,” ಎಂದರು ಇನ್‌ಸ್ಪೆಕ್ಟರಮ್ಮ. ಅವನು ಕೂರಲಿಲ್ಲ. ಬಾಗಿಲ ಕಡೆ ನೋಡಿದ. ಅಲ್ಲಿ ಮಾಲೀಕರು ಬೆನ್ನು ಕೊಟ್ಟು ನಿಂತಿದ್ದರು.

ಇನ್‌ಸ್ಪೆಕ್ಟರಮ್ಮ ಒತ್ತಿದರು. ಗಾಜಿನ ಆ ಮಸುಕು ಪ್ರತಿಬಿಂಬ ಅಲ್ಲಾಡಿತು. ಒತ್ತಿದರು. ಅಲ್ಲಾಡಿತು. ಅದು ಎರಡೆರಡರ ನಡಿಗೆಯಲ್ಲ. ಫ್ಯಾನಿನ ಹಾಗೆ, ಮಾವನ ಹಾಗೆ, ಪ್ರತಿ ಒತ್ತಿಗೂ ಸರಿಯುತ್ತಿತ್ತು. ಅದಕ್ಕೆ ಚಾಚಿದ ಕೈಗಳಿರಲಿಲ್ಲ. ಒಂದು ತೋಳು ಮೈಗೆ ಅಂಟಿತ್ತು. ಆ ತೋಳಿನ ಕೆಳಗಿನಿಂದ ಉದ್ದನೆಯ ಕಪ್ಪು ಕಡ್ಡಿಯಂಥದು ಮುಂದಕ್ಕೆ ಚಾಚಿತ್ತು. ಹಿಂದೆ ಅದರ ತುದಿ ಕೊಕ್ಕೆಯ ಹಾಗೆ ಬಾಗಿತ್ತು.

ನಾಣ್ಯದಷ್ಟು ದುಂಡಗಿನ ಗುರುತು. ಬೆನ್ನ ನಡುವೆ.

“ಏನದು? ದೊಣ್ಣೆಯಾ?” ಎಂದರು ಇನ್‌ಸ್ಪೆಕ್ಟರಮ್ಮ.

“ಡಬ್ಬಿ ಬೆಚ್ಚಗಿತ್ತು,” ಎಂದಳು ಗೀಟು.

“ಏನು?”

“ಮಾವ ಬಿದ್ದಿದ್ದು ನೋಡಿ ಮೊಬೈಲು ತರೋಕೆ ಮೇಲೆ ಓಡಿದೆ. ಅವರ ಮೇಜಿನ ಮೇಲೆ ತಿಂಡಿ ಡಬ್ಬಿ ಇತ್ತು. ಪಕ್ಕಕ್ಕೆ ಸರಿಸಿದೆ. ಬೆಚ್ಚಗಿತ್ತು. ಬೆಳಿಗ್ಗೆ ತಂದ ಡಬ್ಬಿ ಸಂಜೆ ನಾಲ್ಕಕ್ಕೆ ಬೆಚ್ಚಗಿರಲ್ಲ.”

“ಮೂರು ದಿನದಿಂದ ಇದನ್ನ ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ.”

ಇನ್‌ಸ್ಪೆಕ್ಟರಮ್ಮನ ಬಾಯಲ್ಲಿ ಲವಂಗ ನಿಂತಿತು. “ಮೇಷ್ಟ್ರ ಕೋಣೆಗೆ ಹಿಂದಿನ ಕಬ್ಬಿಣದ ಏಣಿಯಿಂದಲೂ ಬರಬಹುದು. ಅಲ್ಲಿ ಕ್ಯಾಮೆರಾ ಇಲ್ಲ. ಡಬ್ಬಿ ತರೋರು ಯಾರು?”

ಭಾಮೈದ ಎರಡು ಕೈಯಿಂದ ಮುಖ ಮುಚ್ಚಿಕೊಂಡಿದ್ದ.

“ಅಕ್ಕ ಅಳ್ತಾ ಬಂದ್ಲು, ನೂಕಿಬಿಟ್ಟೆ ಅಂತ,” ಎಂದ ಬೆರಳುಗಳ ಸಂದಿಯಿಂದ. “ನಾನೇನು ಮಾಡ್ಲಿ? ನನ್ನ ಅಕ್ಕ!”

“ನಿಮ್ಮ ಅಕ್ಕ ಅವತ್ತು ಮನೆ ಬಿಟ್ಟು ಹೊರಗೇ ಬಂದಿಲ್ಲ ಅಂತ ನನ್ನ ಮುಂದೆ ಹೇಳಿಕೆ ಕೊಟ್ಟಿದಾರೆ,” ಎಂದರು ಇನ್‌ಸ್ಪೆಕ್ಟರಮ್ಮ. ಅವರ ಬೆರಳು ಆಗಲೇ ಮೊಬೈಲಿನ ಮೇಲೆ ಓಡುತ್ತಿತ್ತು. “ಮೂರು ದಿನದಿಂದ ಹಗಲೂ ರಾತ್ರಿ ಗಂಡನ ಮಂಚದ ಪಕ್ಕ ಬಿಟ್ಟು ಎದ್ದಿಲ್ಲ. ಎಂಥಾ ಹೆಂಡತಿ ಅಂತ ಮೆಚ್ಕೊಂಡೆ ನಾನು.”

ಆ ಕಡೆ ನರ್ಸ್ ಫೋನೆತ್ತಿದಳು. ಇನ್‌ಸ್ಪೆಕ್ಟರಮ್ಮ ಮೊಬೈಲಿನ ದನಿ ಜೋರು ಮಾಡಿ ಮೇಜಿನ ಮೇಲಿಟ್ಟರು.

“ಒಳ್ಳೇ ಸುದ್ದಿ ಮೇಡಂ! ಹತ್ತು ನಿಮಿಷ ಆಯ್ತು, ಪೇಷಂಟು ಕಣ್ಣು ಬಿಟ್ರು. ಮಾತು ಬರ್ತಿಲ್ಲ. ಬೆರಳು ಆಡಿಸ್ತಿದ್ರು, ಬರೆಯೋಕೆ ಏನಾದ್ರೂ ಕೊಡಿ ಅನ್ನೋ ಹಾಗೆ. ಪೆನ್ಸಿಲು ತರೋಕೆ ಬಂದೆ.”

ಗೀಟು ಮೇಜಿನ ಅಂಚು ಹಿಡಿದುಕೊಂಡಳು.

“ಅವರ ಹೆಂಡತಿ ಎಲ್ಲಿ?”

“ಒಳಗೇ ಇದಾರೆ. ನಮ್ಮನ್ನೆಲ್ಲ ಹೊರಗೆ ಕಳಿಸಿದ್ರು, ಸ್ವಲ್ಪ ಹೊತ್ತು ಒಬ್ಬಳೇ ಇರ್ತೀನಿ ಅಂತ.”

“ಈಗಲೇ ಒಳಗೆ ಹೋಗು. ಓಡು!”

ಚಪ್ಪಲಿಯ ಪಟಪಟ ಸದ್ದು. ಬಾಗಿಲು ಅಲ್ಲಾಡಿಸಿದ ಸದ್ದು. ಮತ್ತೆ ಅಲ್ಲಾಡಿಸಿದ ಸದ್ದು.

“ತೆಗೀತಿಲ್ಲ ಮೇಡಂ.” ನರ್ಸಿನ ಉಸಿರು ಹತ್ತಿರ ಬಂತು. “ಈ ಬಾಗಿಲಿಗೆ ಚಿಲಕವೇ ಇಲ್ಲ. ಗಾಜಲ್ಲಿ ಕಾಣ್ತಿದೆ… ಒಳಗಡೆ ಎರಡೂ ಹಿಡಿಗೆ ಅಡ್ಡ ಏನೋ ಸಿಗಿಸಿದಾರೆ. ಕೊಡೆ ಥರ ಇದೆ.”